ಮೈಲು ಹಳೆ ಅಡಿಕೆಯಲ್ಲ: ವಿಮಾನದ ಕಾರ್ಡ್ ಇಟ್ಟುಕೊಂಡವರಿಗೆ ಒಂದಿಷ್ಟು ಲೆಕ್ಕ

ಗಲ್ಫಿನಲ್ಲಿ 22 ವರ್ಷ ದುಡಿದ ನಮ್ಮ ಭಾವ ಕಳೆದ ವರ್ಷ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಗೆ ಬಂದರು, ಇನ್ನು ಹೋಗುವುದಿಲ್ಲ ಎಂದು. ಕಟ್ಟಿ ತಂದ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚುವಾಗ ಹಳೆಯ ಪಾಸ್‌ಪೋರ್ಟಿನ ನಡುವೆ ಒಂದು ವಿಮಾನ ಸಂಸ್ಥೆಯ ಸದಸ್ಯತ್ವದ ಕಾರ್ಡ್ ಸಿಕ್ಕಿತು. "ಇದರಲ್ಲಿ 41 ಸಾವಿರ ಮೈಲು ಉಂಟು. ನಿನ್ನ ಅಕ್ಕನನ್ನು ಒಮ್ಮೆ ಮಗನಲ್ಲಿಗೆ ಕಳಿಸಬೇಕು" ಎಂದರು. ಮೈಲು ಎಂದರೆ ಹಾರಿದ್ದಕ್ಕೋ ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೋ ನಮ್ಮ ಖಾತೆಗೆ ಬೀಳುವ ಪಾಯಿಂಟ್, ಸಾಕಷ್ಟು ಕೂಡಿದರೆ ಅದರಲ್ಲೇ ಟಿಕೆಟ್ ಮಾಡಿಸಬಹುದು.

ಜಗಲಿಯಲ್ಲಿ ಕೂತು ಆ್ಯಪ್ ತೆರೆದೆವು. ಪಾಸ್‌ವರ್ಡ್ ನೆನಪಿಲ್ಲ. ಹೊಸದಕ್ಕೆ ಒತ್ತಿದರೆ ಓಟಿಪಿ ಅಲ್ಲಿಯ ನಂಬರಿಗೆ ಹೋಯಿತು. ಆ ಸಿಮ್ಮನ್ನು ಭಾವ ಹೊರಡುವ ಹಿಂದಿನ ದಿನವೇ ರದ್ದು ಮಾಡಿಸಿದ್ದರು. ಇಮೇಲಿಗೆ ಕಳಿಸು ಎಂದು ಒತ್ತಿದೆವು. ಆ ಇಮೇಲ್ ಯಾರದ್ದು ಅಂತೀರಿ? ಹದಿನೈದು ವರ್ಷದ ಹಿಂದೆ ಖಾತೆ ಮಾಡಿಕೊಟ್ಟ ಟಿಕೆಟ್ ಅಂಗಡಿಯವನದ್ದು. ಅಂಗಡಿಯೂ ಇಲ್ಲ, ಅವನೂ ಇಲ್ಲ. ಪಾಸ್‌ಪೋರ್ಟಿನ ಪ್ರತಿ ಕಳಿಸಿ, ಫಾರ್ಮ್ ತುಂಬಿ, ಫೋನಿನಲ್ಲಿ ಕಾದು, ಖಾತೆ ನಮ್ಮ ಕೈಗೆ ಬರುವಾಗ ಮೂರು ವಾರ ಕಳೆದಿತ್ತು. ಒಳಗೆ ಇದ್ದದ್ದು 15 ಸಾವಿರ. ಉಳಿದ 26 ಸಾವಿರ ಹಿಂದಿನ ತಿಂಗಳ ಕೊನೆಗೆ ವಾಯಿದೆ ಮುಗಿದು ಹೋಗಿತ್ತು. ಎಚ್ಚರಿಕೆಯ ಪತ್ರಗಳು ಬಂದಿದ್ದವು, ಆ ಅಂಗಡಿಯವನ ಇಮೇಲಿಗೆ. ವಿಮಾನದವರನ್ನು ದೂರಿ ಫಲವಿಲ್ಲ, ತಪ್ಪು ನಮ್ಮದೇ.

ಅಡಿಕೆ ಬೆಳೆಯುವವರಾದ ನಮಗೆ ಇಟ್ಟದ್ದಕ್ಕೆ ಬೆಲೆ ಬರುತ್ತದೆ ಎಂಬುದು ರಕ್ತದಲ್ಲೇ ಉಂಟು. ಹೊಸ ಚಾಲಿ ಅಡಿಕೆಗಿಂತ ಹಳೆಯದಾದ ಸಿಂಗಲ್ ಚೋಲಿಗೆ ಹೆಚ್ಚು, ಅದಕ್ಕಿಂತ ಇನ್ನೂ ಹಳೆಯ ಡಬಲ್ ಚೋಲಿಗೆ ಹೆಚ್ಚು. ಹಾಗಾಗಿ ಮೈಲನ್ನೂ ಅಟ್ಟದ ಮೇಲಿಟ್ಟು ಕೂತುಬಿಡುತ್ತೇವೆ. ಆದರೆ ಮೈಲು ಹಲಸಿನ ಹಣ್ಣಿನ ಜಾತಿ. ಇವತ್ತು ಘಮಘಮ, ನಾಲ್ಕು ದಿನ ಬಿಟ್ಟರೆ ದನಕ್ಕೆ. ಅದನ್ನು ಹೊತ್ತಿಗೆ ಸರಿಯಾಗಿ ಕೊಯ್ದು ತಿನ್ನುವುದು ಹೇಗೆ ಎಂದು ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕೀಲಿ ಕೈ ನಿಮ್ಮದಾಗಲಿ

ಈ ಲೇಖನ ಓದಿ ಮುಗಿಸುವ ಮೊದಲೇ ಮಾಡಬಹುದಾದ ಕೆಲಸ ಇದು. ಖಾತೆಗೆ ಹೋಗಿ, ಪ್ರೊಫೈಲಿನಲ್ಲಿ ಇರುವ ಫೋನ್ ನಂಬರ್ ಮತ್ತು ಇಮೇಲ್ ಯಾರದ್ದು ಎಂದು ನೋಡಿ. ಏಜೆಂಟನದ್ದೋ ಹಳೆಯ ಕಂಪೆನಿಯದ್ದೋ ಆಗಿದ್ದರೆ ಇವತ್ತೇ ಬದಲಿಸಿ. ಗಲ್ಫ್ ಬಿಟ್ಟು ಬರುವವರು ಅಲ್ಲಿಯ ಸಿಮ್ ರದ್ದು ಮಾಡುವ ಮೊದಲೇ ಊರಿನ ನಂಬರ್ ಸೇರಿಸಬೇಕು. ಬದಲಾವಣೆಗೆ ಒಪ್ಪಿಗೆ ಕೇಳುವ ಓಟಿಪಿ ಹಳೆಯ ನಂಬರಿಗೇ ಬರುವುದರಿಂದ, ಸಿಮ್ ಹೋದ ಮೇಲೆ ಇದು ಕಗ್ಗಂಟು. ಅಲ್ಲಿಯ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಲ್ಲಿ ಪಾಯಿಂಟ್ ಇದ್ದರೆ, ಕಾರ್ಡ್ ಮುಚ್ಚುವ ಮೊದಲು ಅದನ್ನು ವಿಮಾನದ ಖಾತೆಗೆ ದಾಟಿಸಿಕೊಳ್ಳಿ. ವೀಸಾ ರದ್ದಾದ ಮೇಲೆ ಆ ಬ್ಯಾಂಕಿನ ಮೆಟ್ಟಿಲು ಹತ್ತುವ ಯೋಗ ಇರುವುದಿಲ್ಲ.

ಪಾಯಿಂಟ್ ಯಾರ ಚೀಲದಲ್ಲಿ ಉಂಟು?

"ನನ್ನ ಕಾರ್ಡಿನಲ್ಲಿ ಪಾಯಿಂಟ್ ಉಂಟು" ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ಚೀಲಗಳು ಬೇರೆ ಬೇರೆ. ಬ್ಯಾಂಕಿನ ಸಾಮಾನ್ಯ ಕಾರ್ಡಿನ ರಿವಾರ್ಡ್ ಪಾಯಿಂಟ್ ಬ್ಯಾಂಕಿನ ಚೀಲದಲ್ಲಿರುತ್ತದೆ, ಅದರ ವಾಯಿದೆ ಬ್ಯಾಂಕ್ ಹೇಳಿದಂತೆ. ವಿಮಾನ ಸಂಸ್ಥೆಯ ಹೆಸರು ಹೊತ್ತ ಕೋ-ಬ್ರಾಂಡ್ ಕಾರ್ಡ್ ಬೇರೆ. ಐಸಿಐಸಿಐ ಬ್ಯಾಂಕಿನ ಎಮಿರೇಟ್ಸ್ ಸ್ಕೈವಾರ್ಡ್ಸ್ ಕಾರ್ಡ್‌ಗಳು ಆ ಬಗೆಯವು. ಇವುಗಳಲ್ಲಿ ಗಳಿಸಿದ್ದು ವಿಮಾನದವರ ಖಾತೆಗೆ ಹೋಗಿ ಬೀಳುತ್ತದೆ, ಬಿದ್ದ ದಿನದಿಂದ ಅವರ ಗಡಿಯಾರ ಓಡುತ್ತದೆ. ಇನ್ನು ಟಾಟಾದವರ ನ್ಯೂಕಾಯಿನ್‌ನಂಥವು ಮೂರನೆಯ ಬಗೆ. ಒಂದು ಕಾಯಿನ್‌ಗೆ ಒಂದು ರೂಪಾಯಿ, ಅಷ್ಟೇ, ಮೈಲಿನ ತಲೆಬಿಸಿ ಇಲ್ಲ.

ಬ್ಯಾಂಕಿನ ಚೀಲದಿಂದ ವಿಮಾನದ ಚೀಲಕ್ಕೆ ದಾರಿ ಉಂಟು, ಹಿಂದಕ್ಕೆ ದಾರಿ ಇಲ್ಲ. ಒಮ್ಮೆ ದಾಟಿಸಿದರೆ ಮುಗಿಯಿತು. ಆದ್ದರಿಂದ ಬ್ಯಾಂಕಿನ ಪಾಯಿಂಟನ್ನು ಸುಮ್ಮನೆ ಮುಂಚಿತವಾಗಿ ದಾಟಿಸಿ ಇಡಬೇಡಿ. ಬೇಕಾದ ದಿನ, ಬೇಕಾದ ವಿಮಾನದಲ್ಲಿ ಮೈಲಿಗೆ ಸೀಟು ಕಾಣಿಸಿದ ಮೇಲೆ ದಾಟಿಸಿ. ತಲುಪಲು ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ, ಆ ಲೆಕ್ಕವೂ ಇರಲಿ.

ವಾಯಿದೆ ಯಾವ ಜಾತಿಯದ್ದು

ಭಾವನಂಥವರು ಎಡವುವುದು ಇಲ್ಲೇ. "ಹೋಗಿ ಬಂದು ಮಾಡುತ್ತಿದ್ದೇನಲ್ಲ, ಮೈಲು ಎಲ್ಲಿಗೆ ಹೋಗುತ್ತದೆ" ಎಂಬ ಧೈರ್ಯ. ಆ ಧೈರ್ಯ ಕೆಲವು ಕಡೆ ಸರಿ, ಕೆಲವು ಕಡೆ ಪೂರಾ ತಪ್ಪು.

ಒಂದು ಜಾತಿ ಗಟ್ಟಿ ವಾಯಿದೆಯದ್ದು. ಗಳಿಸಿದ ದಿನದಿಂದ ಇಷ್ಟು ವರ್ಷ, ಆಮೇಲೆ ನೀವು ದಿನಾ ಹಾರಿದರೂ ಆ ಮೈಲು ಉಳಿಯುವುದಿಲ್ಲ. ಸಿಂಗಾಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲಿಗೆ ಮೂರು ವರ್ಷ. ಎಮಿರೇಟ್ಸಿನ ಸ್ಕೈವಾರ್ಡ್ಸ್‌ಗೂ ಮೂರು ವರ್ಷವೇ, ಆದರೆ ಲೆಕ್ಕ ಮುಗಿಯುವುದು ಸದಸ್ಯರು ಹುಟ್ಟಿದ ತಿಂಗಳ ಕೊನೆಯ ದಿನ. ಆಗಸ್ಟ್‌ನಲ್ಲಿ ಹುಟ್ಟಿದವರು 2025ರ ಫೆಬ್ರವರಿಯಲ್ಲಿ ಗಳಿಸಿದ ಮೈಲು 2028ರ ಆಗಸ್ಟ್ 31ಕ್ಕೆ ಹೋಗುತ್ತದೆ. ಇಲ್ಲಿ ಒಂದು ತಮಾಷೆ ಉಂಟು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಯ ಪಾಸ್‌ಪೋರ್ಟಿನ ಹುಟ್ಟಿದ ದಿನ, ಒಂದನೇ ಕ್ಲಾಸಿಗೆ ಸೇರಿಸುವಾಗ ಮಾಷ್ಟ್ರು ಅಂದಾಜಿನಲ್ಲಿ ಬರೆದದ್ದು. ಜಾತಕದಲ್ಲಿ ಕಾರ್ತಿಕ, ಪಾಸ್‌ಪೋರ್ಟಿನಲ್ಲಿ ಮೇ. ಮೈಲಿಗೆ ಲೆಕ್ಕ ಮಾಷ್ಟ್ರದ್ದು.

ಇನ್ನೊಂದು ಜಾತಿಯಲ್ಲಿ ಖಾತೆ ಅಲುಗಾಡುತ್ತಿರಬೇಕು. ಕತಾರ್ ಏರ್‌ವೇಸಿನ ಏವಿಯೋಸ್ (ಅವರ ಮೈಲಿಗೆ ಆ ಹೆಸರು) 36 ತಿಂಗಳಲ್ಲಿ ಒಮ್ಮೆಯಾದರೂ ಗಳಿಸಿದರೆ ಅಥವಾ ಖರ್ಚು ಮಾಡಿದರೆ ಜೀವಂತ. ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿನಲ್ಲಿ (ಹಿಂದೆ ಫ್ಲೈಯಿಂಗ್ ರಿಟರ್ನ್ಸ್ ಎಂದಿದ್ದದ್ದೇ) 24 ತಿಂಗಳಲ್ಲಿ ಒಮ್ಮೆ ಹಾರಿದರೆ ಪಾಯಿಂಟ್ ಉಳಿಯುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಗಮನಿಸಿ. ಒಂದು ಕಡೆ ಸಣ್ಣ ಜಮೆಯೋ ಖರ್ಚೋ ಸಾಕು, ಇನ್ನೊಂದು ಕಡೆ ವಿಮಾನವನ್ನೇ ಹತ್ತಬೇಕು. ನಿಮ್ಮ ಸಂಸ್ಥೆಯ ನಿಯಮದಲ್ಲಿ "ಚಟುವಟಿಕೆ" ಎಂದರೆ ಏನೆಂದು ಬರೆದಿದೆಯೋ ಆ ಒಂದು ಸಾಲನ್ನು ಹುಡುಕಿ ಓದಿ. ಉಳಿದ ಇಪ್ಪತ್ತು ಪುಟ ಬಿಟ್ಟರೂ ನಡೆಯುತ್ತದೆ.

ಅಮೆರಿಕದ ಡೆಲ್ಟಾ, ಯುನೈಟೆಡ್‌ನವರ ಮೈಲಿಗೆ ವಾಯಿದೆಯೇ ಇಲ್ಲ. ಮಕ್ಕಳು ಆ ಕಡೆ ಇರುವವರಿಗೆ ಅದು ಸಮಾಧಾನ.

ಆ್ಯಪಿನಲ್ಲಿ ಒಟ್ಟು ಮೊತ್ತ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಯಾವುದು ಯಾವಾಗ ಹೋಗುತ್ತದೆ ಎಂಬುದು ಒಳಗೆ, ಖಾತೆಯ ವಿವರದಲ್ಲಿ ಇರುತ್ತದೆ. ನೋಡಬೇಕಾದದ್ದು ಅದನ್ನು.

ವಿಮಾನದವರೇ ಮುಳುಗಿದರೆ

ವಾಯಿದೆಗಿಂತ ದೊಡ್ಡ ಅಪಾಯ ಇದು. ಮಂಗಳೂರು–ಬೆಂಗಳೂರು ನಡುವೆ ಕಿಂಗ್‌ಫಿಷರಿನಲ್ಲಿ ಓಡಾಡಿ ಕಿಂಗ್ ಕ್ಲಬ್ಬಿನಲ್ಲಿ ಮೈಲು ಕೂಡಿಸಿದವರಿಗೆ 2012ರ ಅಕ್ಟೋಬರ್ ನೆನಪಿರಬಹುದು. ವಿಮಾನ ನಿಂತಿತು, ಮೈಲೂ ಅದರೊಂದಿಗೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ಬಾರಿ ಹಾರಿದಾಗ ಜೆಟ್‌ಪ್ರಿವಿಲೇಜಿನವರ ಅದೃಷ್ಟ ಸ್ವಲ್ಪ ಚೆನ್ನಾಗಿತ್ತು. ಅದನ್ನು ನಡೆಸುತ್ತಿದ್ದದ್ದು ಬೇರೆಯೇ ಕಂಪೆನಿ, ಹಾಗಾಗಿ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಅದು ಮುಂದುವರಿಯಿತು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದೊಳಗೆ ಸೇರಿದಾಗ ಪಾಯಿಂಟುಗಳು ಒಂದಕ್ಕೆ ಒಂದರಂತೆ ದಾಟಿದವು. ಆದರೆ ಮುಂದೆ ಹಾರಬೇಕೆಂದು ವಿಸ್ತಾರದ ಕಾರ್ಡ್‌ಗೆ ವರ್ಷದ ಶುಲ್ಕ ಕಟ್ಟಿದ್ದವರಿಗೆ ಆ ಹೆಸರಿನ ವಿಮಾನವೇ ಇಲ್ಲವಾಯಿತು.

ಮೈಲಿಗೆ ಪೈಸೆಯಲ್ಲಿ ಬೆಲೆ ಕಟ್ಟಿ

ಇದು ಗೊತ್ತಿಲ್ಲದೆ ಮುಂದಿನ ಯಾವ ನಿರ್ಧಾರವೂ ಸರಿಯಾಗದು. ಲೆಕ್ಕ ಸುಲಭ. ನಿಮಗೆ ಬೇಕಾದ ಟಿಕೆಟನ್ನು ಅದೇ ದಿನಕ್ಕೆ ಎರಡು ಸಲ ಹುಡುಕಿ, ಒಮ್ಮೆ ದುಡ್ಡಿಗೆ, ಒಮ್ಮೆ ಮೈಲಿಗೆ. ದುಡ್ಡಿಗಾದರೆ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಮೈಲಿಗಾದರೆ 25,000 ಮೈಲು, ಮೇಲಿಂದ ತೆರಿಗೆ, ನಿಲ್ದಾಣದ ಶುಲ್ಕ, ಇಂಧನ ಸರ್‌ಚಾರ್ಜ್ ಎಂದು 5,500 ರೂಪಾಯಿ ನಗದು. 18,000ದಲ್ಲಿ 5,500 ಕಳೆದರೆ 12,500. ಅದನ್ನು 25,000ದಿಂದ ಭಾಗಿಸಿದರೆ ಮೈಲಿಗೆ 50 ಪೈಸೆ.

"ಫ್ರೀ ಟಿಕೆಟ್" ಎಂಬ ಮಾತನ್ನು ನಂಬಿ ಕೂತವರು ಆ 5,500 ನೋಡಿ ಹೌಹಾರುತ್ತಾರೆ. ಮೈಲಿನ ಟಿಕೆಟಿಗೆ ಕೈಯಿಂದ ಹಾಕುವುದು ಇದ್ದೇ ಇರುತ್ತದೆ.

ನಮ್ಮ ಊರಿನವರಿಗೆ ಈ ಕೋ-ಬ್ರಾಂಡ್ ಕಾರ್ಡ್ ಬೇಕೇ?

ನೇರ ಹೇಳುತ್ತೇನೆ. ಹೆಚ್ಚಿನವರಿಗೆ ಬೇಡ.

ಮೊದಲನೆಯ ಕಾರಣ ಭೂಗೋಳ. ಕುಂಬಳೆ, ಉಪ್ಪಳ, ಮುಳ್ಳೇರಿಯದವರು ಗಲ್ಫಿಗೆ ಹೋಗುವುದು ಮಂಗಳೂರಿನಿಂದ, ಇಲ್ಲವಾದರೆ ಕಣ್ಣೂರಿನಿಂದ. ಈ ಎರಡು ಕಡೆಯಿಂದ ಗಲ್ಫಿಗೆ ಹಾರುವುದು ಮುಖ್ಯವಾಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೊ. ಮಟ್ಟನ್ನೂರಿನಲ್ಲಿ ಕಣ್ಣೂರು ನಿಲ್ದಾಣ 2018ರ ಡಿಸೆಂಬರ್ 9ರಂದು ತೆರೆಯಿತು, ಆದರೆ ವಿದೇಶಿ ಸಂಸ್ಥೆಗಳಿಗೆ ಅಲ್ಲಿಗೆ ಬರಲು ಕೇಂದ್ರದ ಅನುಮತಿ ಸಿಗಲಿಲ್ಲ. ಎಮಿರೇಟ್ಸ್ ಬೇಕೆಂದರೆ ಕೊಚ್ಚಿಗೋ ಬೆಂಗಳೂರಿಗೋ ಹೋಗಬೇಕು, ಕತಾರ್ ಬೇಕೆಂದರೆ ಹತ್ತಿರವೆಂದರೆ ಕಲ್ಲಿಕೋಟೆ. ದೊಡ್ಡ ಸಂಸ್ಥೆಯ ಕಾರ್ಡ್ ಇಟ್ಟುಕೊಂಡು, ಹಾರುವುದು ಮಾತ್ರ ತಲಪಾಡಿ ದಾಟಿ ಬಜಪೆಯ ಮಂಗಳೂರು ನಿಲ್ದಾಣದಿಂದ ಎಂದಾದರೆ ಆ ಮೈಲು ಯಾವ ಕಾಲಕ್ಕೆ ತುಂಬೀತು?

ಎರಡನೆಯದು ಹಣ. ವರ್ಷಕ್ಕೆ 5,000 ಶುಲ್ಕದ ಕಾರ್ಡ್ ಎಂದರೆ ಶೇ. 18 ಜಿಎಸ್‌ಟಿ ಸೇರಿ 5,900. ನೂರು ರೂಪಾಯಿಗೆ ಒಂದು ಮೈಲು ಕೊಡುವ ಕಾರ್ಡಿನಲ್ಲಿ ವರ್ಷಕ್ಕೆ 3 ಲಕ್ಷ ಖರ್ಚು ಮಾಡಿದರೆ 3,000 ಮೈಲು. ಮೇಲಿನ 50 ಪೈಸೆಯ ಲೆಕ್ಕದಲ್ಲಿ 1,500 ರೂಪಾಯಿ. ಸೇರುವಾಗ ಕೊಡುವ ಬೋನಸ್ ಮೈಲಿನಿಂದ ಮೊದಲ ವರ್ಷ ಸರಿದೂಗಬಹುದು, ಎರಡನೆಯ ವರ್ಷ ಕೈಯಿಂದ ಹೋಗುತ್ತದೆ. ಅದೂ ಎಲ್ಲ ಖರ್ಚಿಗೆ ಮೈಲು ಬರುವುದಿಲ್ಲ. ಪೆಟ್ರೋಲು, ಬಾಡಿಗೆ, ವ್ಯಾಲೆಟಿಗೆ ಹಾಕಿದ್ದು ಇವನ್ನೆಲ್ಲ ಹಲವು ಕಾರ್ಡಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬಡ್ಡಿಯ ಮಾತು ಬೇರೆ. ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ 42. ಬಿಲ್ಲಿನಲ್ಲಿ 20,000 ಬಾಕಿ ಉಳಿಸಿಕೊಂಡರೆ ಒಂದು ತಿಂಗಳಿಗೆ 700, ಅದರ ಮೇಲೆ ಜಿಎಸ್‌ಟಿ 126. ಕನಿಷ್ಠ ಮೊತ್ತ ಮಾತ್ರ ಕಟ್ಟಿ ಸಾಗಿಸುವವರು ಮೈಲಿನ ಹೆಸರನ್ನೇ ಎತ್ತಬಾರದು. ಊರಿನ ಕಾರ್ಡನ್ನು ಗಲ್ಫಿನ ಅಂಗಡಿಯಲ್ಲಿ ಉಜ್ಜುವವರಿಗೆ ಇನ್ನೊಂದು ಪೆಟ್ಟು. ವಿದೇಶಿ ಹಣದ ಮೇಲೆ ಶೇ. 3.5 ಮಾರ್ಕಪ್ (ಹೆಚ್ಚುವರಿ ಶುಲ್ಕ) ಇರುವ ಕಾರ್ಡಿನಲ್ಲಿ, ಜಿಎಸ್‌ಟಿ ಸೇರಿ ಒಂದು ಲಕ್ಷಕ್ಕೆ 4,130 ರೂಪಾಯಿ.

ಹಾಗಾದರೆ ಯಾರಿಗೆ ಸರಿ? ವರ್ಷಕ್ಕೆ ಮೂರು ನಾಲ್ಕು ಸಲ ಒಂದೇ ಸಂಸ್ಥೆಯಲ್ಲಿ ಹಾರುವ, ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ನೆಲೆಸಿದ, ಬಿಲ್ಲನ್ನು ಪೂರ್ತಿ ಕಟ್ಟುವ ಮಕ್ಕಳಿಗೆ. ಮನೆಯಲ್ಲಿ ಕೂತ ನಮಗೆ ಶುಲ್ಕವಿಲ್ಲದ ಸಾದಾ ಕಾರ್ಡ್ ಸಾಕು.

ಹಾರಿಯೂ ಮೈಲು ಬಾರದಿದ್ದರೆ

ಟಿಕೆಟನ್ನು ಏಜೆಂಟರಲ್ಲಿ ಮಾಡಿಸುವುದು ನಮ್ಮ ಅಭ್ಯಾಸ, ಅದರಲ್ಲಿ ತಪ್ಪಿಲ್ಲ. ಆದರೆ ಸದಸ್ಯತ್ವದ ನಂಬರನ್ನು ಪಿಎನ್‌ಆರ್‌ಗೆ ಸೇರಿಸಿ ಎಂದು ಬಾಯಿಬಿಟ್ಟು ಹೇಳಬೇಕು. ಜೊತೆಗೆ, "ಇದು ಗ್ರೂಪ್ ಫೇರಾ?" ಎಂದು ಕೇಳಿ. ಗುಂಪಿನ ದರದ ಅಗ್ಗದ ಟಿಕೆಟಿಗೆ ಹಲವು ಸಂಸ್ಥೆಗಳು ಮೈಲು ಕೊಡುವುದಿಲ್ಲ.

ಹಾರಿ ಬಂದ ಮೇಲೂ ಮೈಲು ಜಮೆಯಾಗದಿದ್ದರೆ ಆ್ಯಪಿನಲ್ಲಿ ಕೇಳುವ ಅವಕಾಶ ಉಂಟು, ಅದಕ್ಕೂ ಗಡುವು ಇರುತ್ತದೆ. ಕೇಳುವಾಗ ಬೇಕಾಗುವುದು ಇ-ಟಿಕೆಟಿನ 13 ಅಂಕಿಯ ನಂಬರ್. ಮೊದಲ ಮೂರು ಅಂಕಿ ಸಂಸ್ಥೆಯ ಗುರುತು: ಏರ್ ಇಂಡಿಯಾ 098, ಎಮಿರೇಟ್ಸ್ 176, ಕತಾರ್ 157. ಪಿಎನ್‌ಆರನ್ನು ಆ ಜಾಗದಲ್ಲಿ ಹಾಕಿ "ತಪ್ಪು ತೋರಿಸುತ್ತದೆ" ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಬೋರ್ಡಿಂಗ್ ಪಾಸಿನ ಫೋಟೊ ತೆಗೆದಿಡಿ. ಆ ಕಾಗದದ ಅಚ್ಚು ಅಂಗಿಯ ಕಿಸೆಯ ಬೆವರಿಗೆ ಎರಡು ತಿಂಗಳಲ್ಲಿ ಬೋಳಾಗುತ್ತದೆ.

ಹೆಸರಿನ ರಗಳೆಯೂ ನಮ್ಮಲ್ಲಿ ಜಾಸ್ತಿ. ಸಾವಿತ್ರಿಯ "ತ್ರಿ"ಗೆ ಇಂಗ್ಲಿಷಿನಲ್ಲಿ ಬರೀ ಟಿ ಸಾಕೋ, ಟಿ ಮತ್ತು ಎಚ್ ಎರಡೂ ಬೇಕೋ? ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಮನೆ ಹೆಸರು, ಅಪ್ಪನ ಹೆಸರು ಒಮ್ಮೆ ಇನಿಶಿಯಲ್, ಒಮ್ಮೆ ಪೂರ್ತಿ. ಮೈಲು ಖಾತೆಯ ಹೆಸರು ಪಾಸ್‌ಪೋರ್ಟಿನಂತೆ ಅಕ್ಷರಕ್ಕಕ್ಷರ ಇರಲಿ. ಇಲ್ಲವಾದರೆ ಹಾರಿದ ಮೈಲೂ ಜಮೆಯಾಗದು, ಬ್ಯಾಂಕಿನಿಂದ ದಾಟಿಸುವ ಪಾಯಿಂಟೂ ನಡುದಾರಿಯಲ್ಲಿ ಕೂರುತ್ತದೆ.

ವಾಯಿದೆ ಹತ್ತಿರ ಬಂದಾಗ

ಎರಡು ಮೂರು ತಿಂಗಳು ಇರುವಾಗಲೇ ಕೈಹಾಕಿ. ಒಳ್ಳೆಯ ದಾರಿ ಎಂದರೆ ಟಿಕೆಟ್ ಮಾಡಿಸಿಬಿಡುವುದು. ಸಾಮಾನ್ಯವಾಗಿ ಟಿಕೆಟ್ ಆಗುವ ದಿನ ಮೈಲು ಜೀವಂತ ಇದ್ದರೆ ಆಯಿತು, ಪ್ರಯಾಣ ವಾಯಿದೆಯ ನಂತರವೂ ಇರಬಹುದು. ಒಂದು ಎಚ್ಚರ: ಆಮೇಲೆ ಆ ಟಿಕೆಟ್ ರದ್ದು ಮಾಡಿದರೆ, ಅವಧಿ ಮೀರಿದ ಮೈಲು ಹಲವು ಕಡೆ ವಾಪಸು ಬರುವುದಿಲ್ಲ. ಆದ್ದರಿಂದ ಖಂಡಿತ ಹೋಗುವವರ ಹೆಸರಿನಲ್ಲೇ ಮಾಡಿಸಿ. ನೀವೇ ಹೋಗಬೇಕೆಂದಿಲ್ಲ, ಮನೆಯವರಿಗೂ ಮಾಡಿಸಬಹುದು.

ಮೈಲು ಟಿಕೆಟಿಗೆ ಸಾಲದಿದ್ದರೆ ಮನೆಯವರದ್ದನ್ನು ಒಟ್ಟುಗೂಡಿಸುವ ವ್ಯವಸ್ಥೆ ನೋಡಿ. ಎಮಿರೇಟ್ಸ್, ಕತಾರ್ ಎರಡರಲ್ಲೂ ಕುಟುಂಬದ ಖಾತೆ ಉಂಟು. ಗಂಡ ಹೆಂಡತಿ ಮಕ್ಕಳದ್ದು ಚೂರು ಚೂರು ಹಾಳಾಗುವ ಬದಲು ಒಂದು ಟಿಕೆಟಾದರೂ ಆದೀತು.

ಅಲುಗಾಡಿಸಿದರೆ ಉಳಿಯುವ ಜಾತಿಯದ್ದಾದರೆ ಬ್ಯಾಂಕಿನಿಂದ ಕನಿಷ್ಠ ಪಾಯಿಂಟ್ ದಾಟಿಸಿದರೂ ಕೆಲಸ ಆದೀತು. ಗಟ್ಟಿ ವಾಯಿದೆಯದ್ದಕ್ಕೆ ಇದು ನಡೆಯದು. ಅಲ್ಲಿ ಕೆಲವರು ಶುಲ್ಕ ತೆಗೆದುಕೊಂಡು ಅವಧಿ ಹೆಚ್ಚಿಸಿ ಕೊಡುತ್ತಾರೆ. ಆಗ ಪೈಸೆಯ ಲೆಕ್ಕ ತೆಗೆಯಿರಿ. 4,000 ಮೈಲು 50 ಪೈಸೆಯಂತೆ 2,000 ರೂಪಾಯಿ. ಅದನ್ನು ಉಳಿಸಲು 1,500 ಕಟ್ಟಿ, ಆರು ತಿಂಗಳ ಬಳಿಕ ಮತ್ತೆ ಅದೇ ಜಗಲಿಯಲ್ಲಿ ಕೂರುವುದಾದರೆ ಬಿಟ್ಟುಬಿಡುವುದು ಲೇಸು. ಅವರ ಆನ್‌ಲೈನ್ ಅಂಗಡಿಯ ಪಾತ್ರೆ, ಬ್ಯಾಗು, ಇಯರ್‌ಫೋನು ಕೊನೆಯ ಆಯ್ಕೆ. ಅಲ್ಲಿ ಮೈಲಿನ ಬೆಲೆ ಟಿಕೆಟಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ.

ಕಾರ್ಡ್ ಮುಚ್ಚುವುದಾದರೆ

ಮೊದಲು ಪಾಯಿಂಟ್ ಖಾಲಿ ಮಾಡಿ, ಬಾಕಿ ಸೊನ್ನೆ ಮಾಡಿ, ಆಮೇಲೆ ಬರೆದು ಕೊಡಿ. ಬಾಯಿಮಾತು ಬೇಡ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ಮುಚ್ಚುವ ತನಕ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು. "ಈ ವರ್ಷ ಶುಲ್ಕ ಮನ್ನಾ ಮಾಡುತ್ತೇವೆ, ಇಟ್ಟುಕೊಳ್ಳಿ" ಎಂದು ಫೋನ್ ಬಂದೀತು. ಮನ್ನಾ ಮಾಡಿದ್ದನ್ನು ಬರಹದಲ್ಲಿ ಕಳಿಸಿ ಎಂದು ಹೇಳಿ ಫೋನ್ ಇಡಿ.

ಬ್ಯಾಂಕಿನವರು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿಗೆ) ಸಿಎಂಎಸ್ ಎಂಬ ದೂರಿನ ಪೋರ್ಟಲಿನಲ್ಲಿ ಪುಕ್ಕಟೆ ದೂರು ಕೊಡಬಹುದು. ಸಹಾಯಕ್ಕೆ 14448 ನಂಬರ್ ಉಂಟು, ಅದರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಕೇರಳದಲ್ಲಿ ಕೂತು ಮಲಯಾಳ, ಹಿಂದಿ, ಇಂಗ್ಲಿಷ್ ಎಂದು ಗುಂಡಿ ಒತ್ತಿ ಸೋತ ನಮ್ಮ ಹಿರಿಯರಿಗೆ ಇದನ್ನು ಹೇಳಿ. ತಕರಾರು ವಿಮಾನದವರ ಮೇಲಾದರೆ ರಿಸರ್ವ್ ಬ್ಯಾಂಕಿಗೆ ಸಂಬಂಧವಿಲ್ಲ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದರಲ್ಲೂ ಆಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ.

ಭಾವನ ಖಾತೆಯಲ್ಲಿ ಉಳಿದ 15 ಸಾವಿರ ಎರಡೂ ಕಡೆಗೆ ಸಾಲಲಿಲ್ಲ. ಹೋಗುವ ಟಿಕೆಟನ್ನು ಮಂಗಳೂರಿನಿಂದ ದುಡ್ಡು ಕೊಟ್ಟು ಮಾಡಿಸಿದೆವು, ಬರುವುದನ್ನು ಮೈಲಿನಲ್ಲಿ. ಅದು ಕೊಚ್ಚಿಗೆ. ಅಕ್ಕ ನೆಡುಂಬಾಶ್ಶೇರಿಯಲ್ಲಿ ಇಳಿದು, ಆಲುವಾದಿಂದ ರಾತ್ರಿಯ ರೈಲು ಹಿಡಿದು, ಬೆಳಗ್ಗೆ ಕಾಸರಗೋಡಿನಲ್ಲಿ ಎರಡು ಚೀಲ ಖರ್ಜೂರದೊಂದಿಗೆ ಇಳಿದಳು. ಈಗ ಅವಳ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಕಿನ ಪಕ್ಕ, ಕೆಂಪು ಪೆನ್ನಿನಲ್ಲಿ "ಮೈಲು – 640" ಎಂದು ಬರೆದಿದೆ. ಅದು ಹಾಳಾದರೆ ಆಗಲಿ ಎಂದು ನಾನು ಹೇಳಿದೆ, ಅವಳು ಕೇಳುವುದಿಲ್ಲ.